ನೆಲ ಒಣಗುವತನಕ

ಸಂಜೆ ಏಳರ ಗಂಟೆ ಹೊಡೆಯಿತೆಂದರೆ ನಾನು ಕೆಲಸವನ್ನು ಇದ್ದಲ್ಲೇ ಬಿಟ್ಟು ಕೂತುಬಿಡುತ್ತೇನೆ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ. ಕೈಗೆ ಹಿಟ್ಟು ಮೆತ್ತಿದ್ದರೆ ಆ ಕೈಯಿಂದಲೇ ವೇದಪುಸ್ತಕ, ಅಂದರೆ ನಮ್ಮ ಬೈಬಲ್ಲು, ತೆರೆಯುತ್ತೇನೆ. ನಮ್ಮ ಮನೆಯ ವೇದದ ಹಾಳೆಗಳ ಅಂಚಿಗೆಲ್ಲ ಜೋಳದ ಹಿಟ್ಟು ಹತ್ತಿ ಒಣಗಿದೆ. ಧಾರವಾಡದ ನಮ್ಮ ಮಿಶನ್ ಕಂಪೌಂಡಿನ ಹೆಂಗಸರು ಇದನ್ನು ಕಂಡು, "ಭಕ್ತಿ ಅಂದ್ರ ಲಿಡಿಯಾಬಾಯಾರದು ನೋಡ್ರಿ" ಎನ್ನುತ್ತಾರೆ. ಹೊಸದಾಗಿ ಬಂದ ಪಾದ್ರಿಗಳು ಒಮ್ಮೆ ಪ್ರಸಂಗದಲ್ಲೇ ನನ್ನ ಉದಾಹರಣೆ ಕೊಟ್ಟರು. ನಾನು ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೆ. ವಿನಯ ಎಂದುಕೊಂಡಿರಬೇಕು ಜನ. ನನಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತ್ತು.

ಭಕ್ತಿ ಇದ್ದವರು ನಮ್ಮ ಅತ್ತೆ, ಸತ್ಯವ್ವ. ನನ್ನದು ಕೈ ಸುಟ್ಟುಕೊಂಡವಳ ಎಚ್ಚರ, ಅಷ್ಟೆ. ಹದಿನೈದು ವರ್ಷವಾಯಿತು, ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಯಜಮಾನರಿಗೆ ಗೊತ್ತು. ಅವರು ಎಂದೂ ಆ ಮಾತು ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಒಂದು ಸಲ ಚೆನ್ನಾಗಿ ಜಗಳವಾಡಿ ನಾನೂ ಹಗುರಾಗುತ್ತಿದ್ದೆ.

ನಾನು ತಾಯಿ ಇಲ್ಲದವಳು, ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿಯ ದೊರೆಸಾನಿ ಪ್ರತಿ ಶನಿವಾರ ಬಿಳಿ ಕರವಸ್ತ್ರ ಹಿಡಿದು ಬರುತ್ತಿದ್ದಳು. ಹಲಗೆಯ ಅಡಿ, ಕಿಟಕಿಯ ಸಂದು, ಟ್ರಂಕಿನ ಹಿಂಭಾಗ, ಎಲ್ಲ ಕಡೆ ಅದನ್ನು ಎಳೆದು ನೋಡುವಳು. ಕರವಸ್ತ್ರ ಕಪ್ಪಾದರೆ ಆ ಹುಡುಗಿಗೆ ಆದಿತ್ಯವಾರ ಬೆಲ್ಲವಿಲ್ಲ. ಹತ್ತು ವರ್ಷ ನಾನು ಒಮ್ಮೆಯೂ ಬೆಲ್ಲ ಕಳೆದುಕೊಳ್ಳಲಿಲ್ಲ. ಅದೇ ನನ್ನ ಸೊಕ್ಕು. ಸಮುವೇಲ ಮಾಸ್ತರರ ಹೆಂಡತಿಯಾಗಿ ಈ ಕಂಪೌಂಡಿಗೆ ಬಂದ ಮೇಲೆ ದೊರೆಸಾನಿ ಇರಲಿಲ್ಲ, ಆದರೆ ಕರವಸ್ತ್ರ ನನ್ನ ತಲೆಯೊಳಗೇ ಇತ್ತು. ನಮಗೆ ಮಕ್ಕಳಾಗಲಿಲ್ಲ. "ಮಕ್ಕಳಿಲ್ಲದ ಮನಿ ಚೊಕ್ಕ ಇರದ ಏನ್ ಮಾಡೀತು" ಎಂದು ನೆರೆಯವರು ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದಿನಿಂದ ಇನ್ನೂ ಹೆಚ್ಚು ತಿಕ್ಕಿದೆ.

ಅತ್ತೆಯವರು ಹಾಗಲ್ಲ. ಲಕಮನಹಳ್ಳಿಯ ಹೊಲದವರು. ಕುಳಿತಲ್ಲಿ ಶೇಂಗಾ ಸುಲಿದು ಸಿಪ್ಪೆ ಅಲ್ಲೇ ಬಿಡುವರು. ಓದು ಬರದು. ಅವರಿಗೆ ದಿನವೆಲ್ಲ ಬೇಕಾಗಿದ್ದದ್ದು ಒಂದೇ, ಸಂಜೆ ಗಂಟೆ ಹೊಡೆದಾಗ ಮನೆಯವರೆಲ್ಲ ಕೂತು ಒಂದು ಅಧ್ಯಾಯ ಓದುವುದು. ಕಂಪೌಂಡಿನ ಎಲ್ಲ ಮನೆಗಳಲ್ಲೂ ಆ ಹೊತ್ತಿಗೆ ಕೀರ್ತನೆ ಏಳುತ್ತಿತ್ತು. ನಮ್ಮ ಮನೆಯಲ್ಲಿ ಪಾತ್ರೆಯ ಸದ್ದು ಏಳುತ್ತಿತ್ತು.

"ಲಿಡಿಯವ್ವಾ, ಗಂಟಿ ಆತು."

"ಹತ್ತ ಮಿನಿಟ್ರಿ ಅತ್ತಿ, ಈಗ ಬಂದೆ."

ಆ ಹತ್ತು ಮಿನಿಟು ಮುಗಿಯುವಷ್ಟರಲ್ಲಿ ಅವರು ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದರು. ಯಜಮಾನರು ಒಮ್ಮೆ, "ನೀ ಕೆಲಸಾ ಮಾಡ್ಕೋ, ನಾ ಅವ್ವಗ ಓದಿ ಹೇಳ್ತೇನಿ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಂದ್ರ ನಾ ಈ ಮನೀ ಆಳೇನು? ನನ್ನ ಬಿಟ್ಟು ಪ್ರಾರ್ಥನಿ ಮಾಡವ್ರು ನೀವು?" ಎಂದು ಕೂಗಾಡಿದೆ. ಪಾಪ, ಮೆತ್ತನೆಯ ಮನುಷ್ಯ. ಮತ್ತೆ ಆ ಮಾತು ಎತ್ತಲಿಲ್ಲ. ಓದಿದರೆ ಎಲ್ಲರೂ ಕೂತು ಓದಬೇಕು, ಸಾಲಾಗಿ ಓದಬೇಕು, ನಡುವೆ ಒಂದು ಅಧ್ಯಾಯವೂ ಬಿಡಕೂಡದು. ಈ ಕಾಯ್ದೆಗಳೆಲ್ಲ ನನ್ನವು. ಕಾಯ್ದೆ ಮಾಡಿದವಳೇ ಕೂರಲಿಲ್ಲ.

ಇನ್ನು ನಮ್ಮ ಬಾವನವರ ವಿಷಯ ಹೇಳಬೇಕು. ಅವರ ಹೆಸರು ದುರಗಪ್ಪ, ನಮ್ಮ ಯಜಮಾನರ ಸ್ವಂತ ಅಣ್ಣ.

ಹಿಂದೆ ಪ್ಲೇಗಿನ ಕಾಲದಲ್ಲಿ ಲಕಮನಹಳ್ಳಿಯವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅತ್ತೆಯ ಗಂಡ ಅಲ್ಲೇ ತೀರಿಕೊಂಡರು. ಅತ್ತೆಗೂ ಗಂಟು ಎದ್ದಿತು. ಹತ್ತಿರ ಸುಳಿಯಲು ಸ್ವಂತದವರೇ ಹೆದರಿದಾಗ ಮಿಶನ್ನಿನ ಔಷಧದ ಬಾಯಿಯೊಬ್ಬಳು ನಲವತ್ತು ದಿನ ಗಂಜಿ ಕುಡಿಸಿ, ಗಾಯ ತೊಳೆದು ಬದುಕಿಸಿದಳು. ಮರುವರ್ಷ ಅತ್ತೆ ಕಂಕುಳ ಕೂಸಿನೊಂದಿಗೆ ದೀಕ್ಷಾಸ್ನಾನ ತೆಗೆದುಕೊಂಡರು. ಆ ಕೂಸೇ ನಮ್ಮ ಯಜಮಾನರು. ಹಿರಿಯ ಮಗ ದುರಗಪ್ಪನಿಗೆ ಆಗ ಹತ್ತು ವರ್ಷ. ಅತ್ತೆ ಬೇನೆ ಬಿದ್ದಾಗಿನಿಂದ ಅವನು ಕಾಕಾನ, ಅಂದರೆ ತಂದೆಯ ತಮ್ಮನ, ಮನೆಯಲ್ಲಿದ್ದ. ಅವನನ್ನು ಕರೆದುಕೊಂಡು ಬರಲು ಹೋದಾಗ ಕಾಕಾ ಅತ್ತೆಯನ್ನು ಅಂಗಳದಲ್ಲೇ ತಡೆದು ನಿಲ್ಲಿಸಿದ. "ಒಳಗ ಕಾಲಿಡಬ್ಯಾಡ. ಹುಡುಗ ನಮ್ಮಾಂವ" ಎಂದ. ಮುಂಜಾನೆಯಿಂದ ನೆರಳು ತಿರುಗುವತನಕ ಅತ್ತೆ ಅಂಗಳದಲ್ಲಿ ನಿಂತಿದ್ದರಂತೆ. ಹುಡುಗ ಒಳಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡುತ್ತಿದ್ದನಂತೆ. ಕೊನೆಗೆ ಅತ್ತೆ ಎದೆಗವುಚಿದ ಕೂಸಿನೊಂದಿಗೆ ತಿರುಗಿ ಬಂದರು.

ಆಮೇಲೆ ಮೂವತ್ತೆರಡು ವರ್ಷ ತಾಯಿ ಮಗ ಮಾತಾಡಲಿಲ್ಲ. ದಾರಿಯಲ್ಲಿ ಎದುರಾದರೆ ಬಾವನವರು ಆಚೆ ಬದಿಗೆ ದಾಟುವರು. ಕಾಕಾ ಸತ್ತ ಮೇಲೆ ಮಾತ್ರ ಒಂದು ಬದಲಾವಣೆಯಾಯಿತು. ಲಕಮನಹಳ್ಳಿಯಿಂದ ಕಂಪೌಂಡಿಗೆ ಹಾಲು ತರುವ ಉಳವಪ್ಪ ಒಂದು ಸುಗ್ಗಿಯಲ್ಲಿ ಒಂದು ಚೀಲ ಜೋಳ ತಂದು ಇಳಿಸಿ, "ದುರಗಪ್ಪ ಕೊಟ್ಟಾನ್ರಿ" ಎಂದ. ಅದರೊಂದಿಗೆ ಮಾತೇನೂ ಕಳಿಸಿರಲಿಲ್ಲ. ಅತ್ತೆ ಆ ಜೋಳದ ಹಿಟ್ಟನ್ನು ಬೇರೆ ಡಬ್ಬಿಯಲ್ಲಿಟ್ಟು, ಸಂಜೆ ಒಂದು ರೊಟ್ಟಿಯಂತೆ ಆರು ತಿಂಗಳು ತಿಂದರು.

ನಾನು ಹೇಳುತ್ತಿರುವ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೊಂದರ ಜನವರಿಯಲ್ಲಿ, ಅತ್ತೆಗೆ ಕೆಮ್ಮು ಹಿಡಿಯಿತು. ದನಿ ಬಿದ್ದುಹೋಯಿತು. ಹಾಸಿಗೆಯಲ್ಲಿ ದಿಂಬಿಗೊರಗಿ ಕೂರುವುದೇ ದೊಡ್ಡ ಕೆಲಸವಾಯಿತು. ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, ಹೊರಗೆ ಬಂದು ಯಜಮಾನರ ಹೆಗಲ ಮೇಲೆ ಕೈ ಇಟ್ಟರು. ಆಗ ಓದಿನಲ್ಲಿ ನಾವು ಒಂದು ಹಳೆಯ ಕಥೆಯ ನಡುವೆ ಇದ್ದೆವು. ತಂದೆ ಬಣ್ಣದ ಅಂಗಿ ಹೊಲಿಸಿ ಕೊಟ್ಟ, ಅಣ್ಣಂದಿರು ಪರದೇಶಿಗಳಿಗೆ ಮಾರಿದ ಹುಡುಗ, ಅವನು ಸತ್ತನೆಂದು ತಿಳಿದು ಅಳುವ ತಂದೆ. ಅತ್ತೆ ಆ ಹುಡುಗನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಬಣ್ಣದ ಅಂಗಿ ಹುಡುಗ" ಎನ್ನುತ್ತಿದ್ದರು, ತಮ್ಮ ಮಗನೇ ಎಂಬಂತೆ.

ಒಂದು ಸಂಜೆ ಅವರು ಯಜಮಾನರ ಕೈ ಹಿಡಿದು ಪಿಸುದನಿಯಲ್ಲಿ ಕೇಳಿದರು:

"ಸಮೂ, ಆ ಹುಡುಗ ದೊಡ್ಡವನಾಗಿ, ನಾನ ಅಂವ ಅಂತ ಹೇಳ್ತಾನಲ್ಲ, ಆ ಅಧ್ಯಾಯ ಎಂದ ಬರತೈತಿ?"

ಯಜಮಾನರು ಬೆರಳು ಮಡಿಚಿ ಎಣಿಸಿದರು. "ದಿನಾ ಓದಿದ್ರ ಬ್ಯಾಸ್ತವಾರಕ್ಕ."

"ದುರಗಪ್ಪಗ ಹೇಳಿ ಕಳಸು. ಅವತ್ತ ಬಂದು ಕುಂತು ಕೇಳಿ ಹೋಗಲಿ. ಬಿಟ್ಟು ಹೋದ್ಲು ಅಂತ ತಿಳಕೊಂಡಾನ ಅಂವ. ನನಗ ಬಾಯಿಲೆ ಹೇಳಾಕ ಬರಂಗಿಲ್ಲಪಾ. ಅದ ಹೇಳತೈತಿ."

ಉಳವಪ್ಪನ ಕೈಯಲ್ಲಿ ಮಾತು ಹೋಯಿತು. ಮರುದಿನ ಹಾಲಿನೊಂದಿಗೆ ಉತ್ತರ ಬಂತು. "ಬರ್ತೇನಿ ಅಂದಾನ್ರಿ. ಓದೂದು ಕೇಳಿ ಹೊಳ್ಳಿ ಬರ್ತೇನಿ ಅಂದ." ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಎಷ್ಟೋ ಹೊತ್ತು ಅವರ ಬೆನ್ನು ಅಲುಗುತ್ತಿತ್ತು.

ಆದರೆ ಬೇಸ್ತವಾರಕ್ಕೆ ಆ ಅಧ್ಯಾಯ ಬರಲಿಲ್ಲ. ಸೋಮವಾರ ಹೆಣ್ಣುಮಕ್ಕಳ ಸಭೆಗೆ ಪರದೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಬೇಕಿತ್ತು, ಓದು ತಪ್ಪಿತು. ಮಂಗಳವಾರ ಅದೇ ಪರದೆಯ ನೆರಿಗೆ ನನಗೆ ಸರಿಕಾಣದೆ ಮತ್ತೆ ತೋಯಿಸಿದೆ, ಮತ್ತೆ ತಪ್ಪಿತು. ಯಜಮಾನರು, "ಎರಡು ಅಧ್ಯಾಯ ಬಿಟ್ಟು ಮುಂದ ಹೋಗೂಣಲ್ಲ?" ಎಂದರು. "ದೇವರ ಮಾತು ಹಾರಿಸಿ ಓದ್ತಾರೇನ್ರಿ?" ಎಂದೆ ನಾನು. ಎಂಥ ಧರ್ಮಿಷ್ಠೆ! ಹಾಗಾಗಿ ದುರಗಪ್ಪನವರಿಗೆ ಶನಿವಾರ ಬನ್ನಿ ಎಂದು ಮತ್ತೆ ಹೇಳಿ ಕಳಿಸಿದ್ದಾಯಿತು.

ಶನಿವಾರವೆಂದರೆ ನಮ್ಮವರ ಮನೆಗಳಲ್ಲಿ ಏನೆಂದು ನಮ್ಮವರಿಗೇ ಗೊತ್ತು. ಆದಿತ್ಯವಾರ ಕರ್ತನ ದಿನ, ಅಂದು ಕಸಬರಿಗೆ ಸಹ ಮುಟ್ಟುವಂತಿಲ್ಲ. ಆದ್ದರಿಂದ ಎರಡು ದಿನದ ಕೆಲಸ ಶನಿವಾರವೇ ಮುಗಿಯಬೇಕು. ಅರಿವೆ, ಇಸ್ತ್ರಿ, ಮರುದಿನದ ಪಲ್ಯಕ್ಕೆ ಹೆಚ್ಚುವುದು, ಹಿತ್ತಾಳೆ ತಿಕ್ಕುವುದು, ನೆಲ ಸಾರಿಸುವುದು. ದೇವರ ದಿನಕ್ಕಾಗಿ ಮಾಡುತ್ತೇನೆ ಎನ್ನುವ ಹೆಮ್ಮೆ ಬೇರೆ. ದೇವರ ದಿನವನ್ನು ಚೊಕ್ಕ ಮಾಡುವ ಗದ್ದಲದಲ್ಲಿ ದೇವರನ್ನೇ ಹೊಸ್ತಿಲ ಹೊರಗೆ ಕೂಡಿಸುತ್ತಿದ್ದೆ.

ಆ ಶನಿವಾರ ಇನ್ನೂ ಹೆಚ್ಚು. ಬಾವನವರು ಮೊದಲ ಸಲ ಬರುವವರು. ನಮ್ಮ ಮನೆ ಹೇಗಿದೆಯೆಂದು ಹೋಗಿ ಊರಲ್ಲಿ ಹೇಳುವವರು. ಕಿರಿಸ್ತಾನರ ಮನೆ ಹೊಲಸು ಎಂದು ಯಾರೂ ಅನ್ನಬಾರದು. ಖರೆ ಹೇಳುತ್ತೇನೆ, ಅವರ ಮೇಲೆ ನನಗೆ ಕೆಟ್ಟ ಮನಸ್ಸಿರಲಿಲ್ಲ. ಅವರಿಗಾಗಿಯೇ ಅಷ್ಟೆಲ್ಲ ಮಾಡಿದೆ. ಪಡಸಾಲೆಯನ್ನು ಬೆಳಿಗ್ಗೆಯೇ ಸಗಣಿಯಿಂದ ಸಾರಿಸಿ ಗೋಡೆಗುಂಟ ಕೆಮ್ಮಣ್ಣಿನ ಅಂಚು ಎಳೆದಿದ್ದೆ. ನಾಲ್ಕು ಗಂಟೆಗೆ ನೋಡುತ್ತೇನೆ, ಬಾಗಿಲ ಹತ್ತಿರ ಅಂಚು ಎರಡು ಬೆರಳಷ್ಟು ಸೊಟ್ಟ. ಬಾಗಿಲಲ್ಲಿ ಕಾಲಿಟ್ಟೊಡನೆ ಕಣ್ಣಿಗೆ ಬೀಳುವ ಜಾಗ. ಅಷ್ಟನ್ನೇ ತಿದ್ದಿದರೆ ಬಣ್ಣ ಬೇರೆಯಾಗಿ ಕಾಣುತ್ತದೆಂದು ಇಡೀ ಪಡಸಾಲೆಯನ್ನು ಮತ್ತೆ ಸಾರಿಸಿದೆ. ಜನವರಿಯ ಸಂಜೆ, ಬಿಸಿಲಿಲ್ಲ. ಮುಂಬಾಗಿಲಿಂದ ಒಳಕೋಣೆಗೆ ಹೋಗಬೇಕೆಂದರೆ ಆ ಪಡಸಾಲೆ ದಾಟಿಯೇ ಹೋಗಬೇಕು. ಹಿತ್ತಲ ಬಾಗಿಲಿಂದ ನೆಂಟರನ್ನು ಕರೆಯುವವಳು ನಾನಲ್ಲ.

ಐದೂವರೆಗೆ ಬಾವನವರು ಬಂದರು. ಒಗೆದ ಧೋತರ, ಹೊಸ ರುಮಾಲು. ಹೊಲದ ದಾರಿಯಿಂದ ನಡೆದು ಬಂದದ್ದರಿಂದ ಕಾಲು ಮೊಳಕಾಲಿನತನಕ ಕರಿಮಣ್ಣಿನ ಧೂಳು. ಹೆಗಲ ಮೇಲೆ ಹಸಿ ಕಡಲೆ ಗಿಡದ ಒಂದು ಕಟ್ಟು. ಹೊರಗೆ ಕಟ್ಟೆಯ ಹತ್ತಿರ ನಿಂತು ಕೆಮ್ಮಿದರು.

"ಬರ್ರಿ ಬಾವಾರ, ಬರ್ರಿ" ಎಂದೆ ಬಾಗಿಲಲ್ಲಿ ನಿಂತು. "ಕಟ್ಟಿ ಮ್ಯಾಲ ಕುಂಡ್ರ್ರಿ. ನೆಲಾ ಹಸೀ ಐತಿ. ಒಣಗಿದ ಕೂಡಲೇ ಒಳಗ ಕರೀತೇನಿ."

ಅವರು ನನ್ನನ್ನು ನೋಡಿದರು, ನೆಲ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. "ಆಗಲೆವ್ವ" ಎಂದು ಕೂತರು.

ಯಜಮಾನರು ದೇವಾಲಯದಲ್ಲಿ ಮರುದಿನದ ಕೀರ್ತನೆಗಳ ಸಂಖ್ಯೆ ಹಲಗೆಗೆ ಹಾಕಿ ಆರಕ್ಕೆ ಬಂದರು. ಅಣ್ಣನನ್ನು ಕಂಡು ಪಕ್ಕದಲ್ಲಿ ಹೋಗಿ ಕೂತರು. ಇಬ್ಬರೂ ನೆಲ ನೋಡುತ್ತ ಕೂತಿದ್ದನ್ನು ನಾನು ಕಿಟಕಿಯಿಂದ ಕಂಡೆ. ಕೂತುಕೊಳ್ಳಲಿ ಎಂದು ಬಿಡಬಾರದೇ? ಐದು ಮಿನಿಟಿಗೇ ಹಿತ್ತಲ ಬಾಗಿಲಿಗೆ ಕರೆದೆ.

"ಪ್ಯಾಟಿಗೆ ಹೋಗಿ ಹೊಸಾ ಹಿತ್ತಾಳಿ ವಾಟಗಾ ಒಂದ ತರ್ರಿ. ನಮ್ಮ ಬಟ್ಟಲದಾಗ ಚಹಾ ಕೊಟ್ರ ಅವ್ರು ಕುಡೀತಾರೋ ಇಲ್ಲೋ."

"ಈಗ ಯಾಕ ಲಿಡಿಯಾ? ಮೊದಲ ಓದೂಣು."

"ಗಂಟಿ ಆಗಾಕ ಇನ್ನೂ ಒಂದ ತಾಸ ಐತಿ. ಲಗೂ ಹೋಗಿ ಬರ್ರಿ."

ಅವರು ಹೋದರು. ಅವರು ಎಂದೂ ನನ್ನ ಮಾತು ಮೀರಿದವರಲ್ಲ. ಅದೂ ಒಂದು ತಪ್ಪೇ.

ಒಳಕೋಣೆಯಲ್ಲಿ ಅತ್ತೆ ದಿಂಬಿಗೊರಗಿ ಕೂತಿದ್ದರು. ಒಗೆದ ಬಿಳಿ ಸೀರೆ ಉಡಿಸಿದ್ದೆ. ಕಣ್ಣು ಬಾಗಿಲ ಮೇಲೆ. ನಾನು ಒಳಗೆ ಹೋದಾಗಲೆಲ್ಲ ಸೆರಗು ಜಗ್ಗುವರು.

"ಕೆಮ್ಮಿದ್ದು ಕೇಳಿಸ್ತು. ಅವರಪ್ಪ ಕೆಮ್ಮಿದಂಗ ಕೆಮ್ಮತಾನ. ಒಳಗ ಕರಿಯವ್ವ."

"ಕರೀತೇನ್ರಿ ಅತ್ತಿ. ನೆಲಾ ಒಣಗಲಿ."

ಮತ್ತೆ ಲಾಟೀನಿನ ಗಾಜಿಗೆ ಮಸಿ ಹಿಡಿದಿತ್ತು, ಬೂದಿ ಹಚ್ಚಿ ತಿಕ್ಕಿದೆ. ಚಾಪೆಯ ಅಂಚು ಬಿಚ್ಚಿತ್ತು, ಟ್ರಂಕಿನಿಂದ ಜಮಖಾನೆ ತೆಗೆದೆ. ಅದಕ್ಕೆ ಮಡಿಕೆಯ ಗೆರೆ ಬಿದ್ದಿತ್ತು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕಿದೆ. ಒಂದು ಸಲ ಬಾಗಿಲಿಗೆ ಹೋಗಿ ನೆಲಕ್ಕೆ ಬೆರಳು ಒತ್ತಿ ನೋಡಿದೆ. ಬೆರಳಚ್ಚು ಬಿತ್ತು. "ಇನ್ನೊಂದ ಹತ್ತ ಮಿನಿಟ್ರಿ ಬಾವಾರ" ಎಂದೆ. ಅವರು ಕಟ್ಟೆಯಿಂದ ಇಳಿದು ಅಂಗಳದಲ್ಲಿ ನಿಂತಿದ್ದರು. ತಲೆಯಾಡಿಸಿದರು.

ಏಳರ ಗಂಟೆ ಹೊಡೆಯಿತು. ಅಕ್ಕಪಕ್ಕದ ಮನೆಗಳಲ್ಲಿ ಕೀರ್ತನೆ ಶುರುವಾಯಿತು. ಅತ್ತೆ ಒಳಗಿನಿಂದ ದನಿ ಎತ್ತಲಾರದೆ ಗೋಡೆಗೆ ನೀರಿನ ತಂಬಿಗೆ ಬಡಿದರು, ಟಣ್ ಟಣ್ ಎಂದು. ನಾನು ಜಮಖಾನೆಯ ಕೊನೆಯ ಮೂಲೆಗೆ ಇಸ್ತ್ರಿ ಎಳೆಯುತ್ತಿದ್ದೆ. "ಬಂದೇರಿ, ಬಂದೆ!" ಎಂದು ಕೂಗಿದೆ.

ಯಜಮಾನರು ವಾಟಗಾ ಹಿಡಿದು ಬಂದಾಗ ಏಳೂ ಕಾಲು ದಾಟಿತ್ತು. ಜಮಖಾನೆ ಹಾಸಿದ್ದೆ, ಲಾಟೀನು ಹೊಳೆಯುತ್ತಿತ್ತು, ಕೆಮ್ಮಣ್ಣಿನ ಅಂಚು ನೂಲು ಹಿಡಿದು ಎಳೆದಂತಿತ್ತು. ಒಂದು ಕಡೆಯೂ ಹೆಸರಿಡುವಂತಿರಲಿಲ್ಲ.

"ಅಣ್ಣ ಎಲ್ಲಿ?" ಎಂದರು ಯಜಮಾನರು.

ಕಟ್ಟೆ ಖಾಲಿಯಿತ್ತು. ಕಡಲೆ ಗಿಡದ ಕಟ್ಟು ಮಾತ್ರ ಇತ್ತು.

ಯಜಮಾನರು ಲಾಟೀನು ಹಿಡಿದು ರಸ್ತೆಯತನಕ ಓಡಿದರು, ಕೂಗಿದರು, ಒಬ್ಬರೇ ತಿರುಗಿ ಬಂದರು. ನಾನು ಕಟ್ಟನ್ನು ಎತ್ತಿಕೊಂಡು ಅತ್ತೆಯ ಮುಂದೆ ನಿಂತೆ. ಅವರು ಒಂದು ಕಾಯಿ ಹರಿದು, ಸುಲಿದು, ಹಸಿರು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ತಿನ್ನಲಿಲ್ಲ.

"ಇವತ್ತ ಓದಬ್ಯಾಡ್ರಿ" ಎಂದರು. "ಅಂವ ಬಂದ ದಿನಾ ಓದೂಣು."

ನನ್ನನ್ನು ಬೈದಿದ್ದರೆ ಎಷ್ಟು ಚಲೋ ಇತ್ತು.

ಆದಿತ್ಯವಾರ ಎರಡು ಆರಾಧನೆ, ಮಕ್ಕಳ ಸಾಲೆ, ಯಜಮಾನರಿಗೆ ಬಿಡುವಾಗಲಿಲ್ಲ. ಸೋಮವಾರ ಸಾಲೆ ಬಿಟ್ಟ ಕೂಡಲೇ ಲಕಮನಹಳ್ಳಿಗೆ ನಡೆದುಹೋದರು. ಕತ್ತಲಾಗುವ ಮೊದಲೇ ತಿರುಗಿ ಬಂದು ಅಡಿಗೆಮನೆಯಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ಬಾವನವರು ಗೌರವದಿಂದಲೇ ಕೂಡಿಸಿದರಂತೆ, ನೀರು ಕೊಟ್ಟರಂತೆ. ಆಮೇಲೆ ಹೇಳಿದರಂತೆ:

"ನಮ್ಮ ಕಾಕಾ ಅವ್ವನ್ನ ಅಂಗಳದಾಗ ನಿಲ್ಲಿಸಿದ್ದ. ನಾನೂ ನೋಡಕೋತ ನಿಂತಿದ್ದೆ. ಈಗ ನಾ ನಿಮ್ಮ ಅಂಗಳದಾಗ ನಿಂತು ಬಂದೆ. ಹಿಂಗ ತೀರ್ತು ಅಂತ ತಿಳಕೊಂಡೇನಿ ತಮ್ಮಾ, ಸಿಟ್ಟಿಲ್ಲ."

ಯಜಮಾನರು, "ಹಂಗಲ್ಲಣ್ಣಾ, ನೆಲಾ ಹಸೀ ಇತ್ತು, ಅಷ್ಟ" ಎಂದರಂತೆ.

"ಹಡದವ್ವ ಒಳಗ ಬ್ಯಾನಿ ಬಿದ್ದಾಗ ನೆಲಾ ಹಸೀ ಐತಿ ಅಂತ ಯಾರರ ಮಗನ್ನ ಹೊರಗ ನಿಲ್ಲಸ್ತಾರೇನು?"

ಬಾವನವರು ನಂಬಲಿಲ್ಲ, ಯಾರು ನಂಬುತ್ತಾರೆ? ನೆಲದ ಒಂದು ಗೆರೆಗಾಗಿ ಹೀಗೆ ಮಾಡುವ ಹೆಂಗಸು ಇರುತ್ತಾಳೆಂದು ಹೊಲದಲ್ಲಿ ದುಡಿಯುವ ಮನುಷ್ಯ ಹೇಗೆ ನಂಬಬೇಕು? ಸೇಡು ಎಂದರೆ ಅರ್ಥವಾಗುತ್ತದೆ. "ಸುಗ್ಗಿ ಮುಗೀಲಿ, ನೋಡೂಣು" ಎಂದು ಕಳಿಸಿಬಿಟ್ಟರಂತೆ.

ಮಂಗಳವಾರ ಅತ್ತೆಯ ಉಸಿರು ಕೆಟ್ಟಿತು. ಅಂದು ಸಂಜೆ ಗಂಟೆ ಹೊಡೆಯುವ ಮೊದಲೇ ನಾನು ಎಲ್ಲ ಬಿಟ್ಟು ವೇದಪುಸ್ತಕ ತೆಗೆದುಕೊಂಡು ಅವರ ಹಾಸಿಗೆಯ ಹತ್ತಿರ ಕೂತೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಗಂಟೆಗೆ ಮೊದಲು ಕೂತದ್ದು ಅದೇ ಮೊದಲು.

"ಅತ್ತಿ, ಆ ಅಧ್ಯಾಯ ಓದಲೇನ್ರಿ?"

ಕಣ್ಣು ತೆರೆದರು. "ದುರಗಪ್ಪ ಬಂದನೇನು?"

"ಇಲ್ರಿ."

"ಹಂಗಾರ ತಡಿ." ಉಸಿರು ಎಳೆದುಕೊಂಡು ನನ್ನ ಕೈ ಮೇಲೆ ಕೈ ಇಟ್ಟರು. "ನೀ ಹೋಗವ್ವ, ನಿನ್ನ ಕೆಲಸಾ ಮುಗಿಸ್ಕೋ. ಅಲ್ಲೀತನಕಾ ಅಂವ ಬರ್ತಾನ."

ಕುಟುಕಿ ಹೇಳಿದ್ದಲ್ಲ ಅದು. ಅವರಿಗೆ ಕುಟುಕುವುದೇ ಗೊತ್ತಿರಲಿಲ್ಲ. ನನಗೆ ಕೆಲಸವಿರುತ್ತದೆ, ನಾನು ಅದನ್ನು ಮುಗಿಸಲೇಬೇಕು, ಅದು ನನ್ನ ಸ್ವಭಾವ ಎಂದು ಹನ್ನೊಂದು ವರ್ಷದಿಂದ ಒಪ್ಪಿಕೊಂಡುಬಿಟ್ಟಿದ್ದರು. ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತೆ. ಮಾಡಲು ಒಂದು ಕೆಲಸವೂ ನೆನಪಾಗಲಿಲ್ಲ.

ಬುಧವಾರ ಬೆಳಿಗ್ಗೆ ಉಳವಪ್ಪನಿಗೆ, "ಅವ್ವನ ಜೀವಾ ಹೋಗಾಕತ್ತೈತಿ ಅಂತ ಹೇಳು, ಓಡು" ಎಂದು ಕಳಿಸಿದೆವು. ಮಧ್ಯಾಹ್ನ ಹನ್ನೆರಡಕ್ಕೆ ಅತ್ತೆ ತೀರಿಕೊಂಡರು. ಕೊನೆಗೆ ಕಣ್ಣು ಬಾಗಿಲ ಮೇಲೇ ಇತ್ತು. ಮುಚ್ಚಿದವಳು ನಾನು.

ಅವರನ್ನು ಪಡಸಾಲೆಗೆ ತಂದು ಅದೇ ಜಮಖಾನೆಯ ಮೇಲೆ ಮಲಗಿಸಿದೆವು. ಕಂಪೌಂಡಿನ ಜನ ಬಂದರು, ಹೋದರು. ಪಾದ್ರಿಗಳು ನಾಲ್ಕಕ್ಕೆ ಬಂದು ಪ್ರಾರ್ಥಿಸಿ ಮಣ್ಣಿಗೆ ಒಯ್ಯುವುದೆಂದು ಗೊತ್ತಾಗಿತ್ತು. ಮೂರರ ಸುಮಾರಿಗೆ ಬಾಗಿಲಲ್ಲಿ ನೆರಳು ಬಿತ್ತು. ಬಾವನವರು. ಹೊಲದಿಂದ ಹಾಗೇ ಓಡಿ ಬಂದಿದ್ದರು. ರುಮಾಲು ಇರಲಿಲ್ಲ, ಕಾಲಿಗೆಲ್ಲ ನೀರು ಹಾಯಿಸಿದ ಹೊಲದ ಕರಿ ಕೆಸರು. ಹೊಸ್ತಿಲ ಹೊರಗೆ ನಿಂತು, ಹೆಗಲ ಮೇಲಿನ ವಸ್ತ್ರ ತೆಗೆದು ಬಗ್ಗಿ ಪಾದ ಒರೆಸಿಕೊಳ್ಳತೊಡಗಿದರು. ನಾನು ಎದ್ದು ಹೋದೆ.

"ಹಂಗ ಬರ್ರಿ ಬಾವಾರ."

ಅವರು ತಲೆ ಎತ್ತಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಪರರ ಮನೆಯ ಪದ್ಧತಿ ಗೊತ್ತಿಲ್ಲದವನು ಕೇಳುವ ಹಾಗೆ ಮೆಲ್ಲಗೆ ಕೇಳಿದರು:

"ನೆಲಾ ಒಣಗೇತೇನವ್ವ?"

ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದೆ. ಅವರ ಆ ಕೆಸರು ಪಾದಗಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಜನ ನೋಡುತ್ತಿದ್ದರು, ನೋಡಲಿ. ಯಜಮಾನರು ಬಂದು ಅಣ್ಣನ ಕೈ ಹಿಡಿದು ಒಳಗೆ ಕರೆದುಕೊಂಡರು.

ಬಾವನವರು ತಾಯಿಯ ಕಾಲ ಬಳಿ ಕೂತರು. ಬಹಳ ಹೊತ್ತು ಮುಖವನ್ನೇ ನೋಡಿದರು. ಮೂವತ್ತೆರಡು ವರ್ಷದ ಮೇಲೆ ಅಷ್ಟು ಹತ್ತಿರದಿಂದ ನೋಡಿದ್ದು. ಆಮೇಲೆ ತಮ್ಮನ ಕಡೆ ತಿರುಗಿದರು.

"ಏನೋ ಓದ್ತೀವಿ, ಬಂದು ಕೇಳು ಅಂತ ಹೇಳಿ ಕಳಿಸಿದ್ಲಲ್ಲ. ಅದನ್ನ ಓದ್ರಿ."

ಯಜಮಾನರು ಪುಸ್ತಕ ತೆರೆದರು. ಒಂದು ಸಾಲು ಓದಿ ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಪರದೇಶದಲ್ಲಿ ದೊಡ್ಡ ಅಧಿಕಾರಿಯಾದ ಆ ಹುಡುಗ ಇನ್ನು ತಡೆದುಕೊಳ್ಳಲಾರದೆ, ಬೇರೆಯವರನ್ನೆಲ್ಲ ಹೊರಗೆ ಕಳಿಸಿ, ಗಟ್ಟಿಯಾಗಿ ಅತ್ತು, ಧಾನ್ಯಕ್ಕಾಗಿ ಬಂದ ಅಣ್ಣಂದಿರಿಗೆ ತಾನು ಯಾರೆಂದು ಹೇಳುತ್ತಾನೆ. ಹೇಳಿದೊಡನೆ ಮೊದಲು ಕೇಳುವುದು ಒಂದೇ ಮಾತು. ತನ್ನ ತಂದೆ ಇನ್ನೂ ಬದುಕಿದ್ದಾನೆಯೇ ಎಂದು. ಆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿದೆ.

ಬಾವನವರು ಕೇಳಿದರು:

"ಇದ್ದನೇನವ್ವ, ಅವರಪ್ಪ?"

"ಇದ್ದನ್ರಿ."

"ಭೆಟ್ಟಿ ಆದ್ರೇನು?"

"ಆದ್ರು. ಅದು ಮುಂದಿನ ಅಧ್ಯಾಯದಾಗ ಐತ್ರಿ."

"ಅದನ್ನೂ ಓದು."

ಹೊರಗೆ ಪಾದ್ರಿಗಳು ಬಂದು ನಿಂತಿದ್ದರು. ಹೊರುವವರು ನಿಂತಿದ್ದರು. ಯಾರೋ, "ಹೊತ್ತಾತು" ಎಂದು ಕಿಟಕಿಯಿಂದ ಪಿಸುಗುಟ್ಟಿದರು. ನಾನು ತಲೆ ಎತ್ತಲಿಲ್ಲ. ತಂದೆ ಬಂಡಿ ಹತ್ತಿ ಹೊರಟಿದ್ದು ಓದಿದೆ. ಮಗ ರಥ ಹೂಡಿಸಿಕೊಂಡು ಎದುರುಗೊಳ್ಳಲು ಬಂದದ್ದು ಓದಿದೆ. ಅವನು ತಂದೆಯ ಕೊರಳಿಗೆ ಬಿದ್ದು ಬಹಳ ಹೊತ್ತು ಅತ್ತದ್ದನ್ನು ಓದಿದೆ. ಬಾವನವರು ತಾಯಿಯ ಪಾದಗಳ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದರು.

"ಅಂವ ಎದುರಿಗೆ ಹೋದ" ಎಂದರು ಕೊನೆಗೆ, ತಮಗೆ ತಾವೇ. "ಕರೀಲಿ ಅಂತ ಕಾಯಲಿಲ್ಲ."

ತಪ್ಪನ್ನು ಅವರು ತಮ್ಮ ಮೇಲೆ ಹಾಕಿಕೊಂಡರು. ಕಾಯಿಸಿದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಾದ್ರಿಗಳು ಒಳಗೆ ಬಂದರು, ಎಲ್ಲರೂ ಎದ್ದು ನಿಂತರು.

ಮಣ್ಣು ಮಾಡಿ ಬಂದ ಮೇಲೆ ಬಾವನವರು ಹಾಗೇ ಊರಿಗೆ ನಡೆದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಯಾರಿಗಾಗಿ ಬರಬೇಕು? ಪ್ರತಿ ಜನವರಿ ಉಳವಪ್ಪನ ಕೈಯಲ್ಲಿ ಹಸಿ ಕಡಲೆಯ ಒಂದು ಕಟ್ಟು ಮಾತ್ರ ಬರುತ್ತದೆ, ತಪ್ಪದೆ.

ಆ ಸಂಜೆ ಮನೆಯೊಳಗೆ ಬಂದಾಗ ಪಡಸಾಲೆಯಲ್ಲಿ ಅವರ ಕೆಸರು ಹೆಜ್ಜೆಗಳು ಬಾಗಿಲಿನಿಂದ ಅತ್ತೆ ಮಲಗಿದ್ದ ಜಾಗದತನಕ ಮೂಡಿ ಒಣಗಿದ್ದವು. ಒಂದು ಹೆಜ್ಜೆ ಕೆಮ್ಮಣ್ಣಿನ ಅಂಚಿನ ಮೇಲೇ ಬಿದ್ದಿತ್ತು. ನೆರೆಯವಳೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ಬಕೆಟ್ಟು, ಅರಿವೆ ತಂದು, "ನಾ ಒರಸ್ತೇನ್ರಿ" ಎಂದಳು. ಬೇಡವೆಂದೆ. ಅಷ್ಟರಲ್ಲಿ ಏಳರ ಗಂಟೆ ಹೊಡೆಯಿತು. ನಾನು ಆ ಹೆಜ್ಜೆಗಳ ಪಕ್ಕದಲ್ಲಿ ಕೂತೆ.